ಬ್ರೇಕ್ ಇಲ್ಲದ ಗಾಡಿಯನ್ನು ನಿಲ್ಲಿಸಲು ಕಲಿತದ್ದು

ಹುಮನಾಬಾದ್ ಕಡೆಯ ಮುರುಮ್ (ಗರಸು ಮಣ್ಣಿನ) ಬಯಲಿನಲ್ಲಿ, ಗಾಳಿಪಟ ಎಳೆದೊಯ್ಯುವ ನನ್ನ ಕೈಟ್ ಬಗ್ಗಿಯನ್ನು ಮೊದಲ ಸಲ ಕಂಡ ಕುರಿಗಾಹಿ ಕಾಕಾ, ಅದರ ಸುತ್ತ ಎರಡು ಸುತ್ತು ಹಾಕಿ ಕೇಳಿದರು: "ತಮ್ಮಾ, ಇದಕ್ಕೆ ಬ್ರೇಕ್ ಎಲ್ಲಿದೆ?" ಇಲ್ಲ ಎಂದೆ. ಅವರು ಮರುಮಾತಾಡದೆ ಕುರಿಗಳನ್ನು ದೂರಕ್ಕೆ ಅಟ್ಟಿಕೊಂಡು ಹೋದರು.

ನ್ಯೂಜಿಲೆಂಡಿನ ಪೀಟರ್ ಲಿನ್ 1990ರ ಸುಮಾರಿಗೆ ರೂಪಿಸಿದ ಮಾದರಿ ಇದು. ಮೂರು ಚಕ್ರ, ನೆಲಕ್ಕೆ ತಾಗುವಷ್ಟು ತಗ್ಗಿನ ಆಸನ. ಮುಂದಿನ ಚಕ್ರವನ್ನು ಪಾದಗಳಿಂದ ತಿರುಗಿಸಬೇಕು, ಕೈಯಲ್ಲಿ ನಾಲ್ಕು ದಾರದ ಪಟ. ನಮ್ಮ ಎರೆಹೊಲ ಇದಕ್ಕೆ ಬಾರದು. ಬಿರುಕು ಒಂದು ಕಡೆ, ತೊಗರಿಯ ಕೂಳೆ ಇನ್ನೊಂದು ಕಡೆ. ಬೀದರ್ ನಗರದ ಸುತ್ತ ವಾಯುಪಡೆಯ ವಿಮಾನಗಳು ಹಾರುವುದರಿಂದ ಅಲ್ಲಿಯೂ ಪಟ ಏರಿಸುವುದಿಲ್ಲ.

ಮೊದಲ ಮುಂಗಾರಿನಲ್ಲೇ ಬಿದ್ದೆ. ಗಾಳಿಗೆ ಅಡ್ಡವಾಗಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾಗ ಮುಂದೆ ಬದು ಕಂಡಿತು. ನಿಧಾನವಾಗಿ ಹೋಗುವಾಗ ಮಾಡುತ್ತಿದ್ದುದನ್ನೇ ಮಾಡಿದೆ: ಪಟವನ್ನು ಸರಕ್ಕನೆ ನೆತ್ತಿಯ ಮೇಲಕ್ಕೆ ತಂದೆ. ಗಾಡಿ ನಿಲ್ಲಲಿಲ್ಲ, ನಾನು ಆಸನದಿಂದ ಎದ್ದೆ! ಸೊಂಟದ ಮೇಲೆ ಬಿದ್ದವನು ಎರಡು ವಾರ ಮಗ್ಗುಲು ಬದಲಿಸಲು ಒದ್ದಾಡಿದೆ.

ಲೆಕ್ಕ ಹಾಕಿದ್ದು ಹಾಸಿಗೆಯಲ್ಲಿ. ಅಂದು ಬೀಸುತ್ತಿದ್ದ ಗಾಳಿ 25 ಕಿಲೋಮೀಟರ್. ಆದರೆ ಪಟಕ್ಕೆ ತಾಗುವುದು ಅದೊಂದೇ ಅಲ್ಲ, ನನ್ನ ಓಟದ ಗಾಳಿಯೂ ಸೇರುತ್ತದೆ. ಒಂದಕ್ಕೊಂದು ಅಡ್ಡವಾಗಿರುವುದರಿಂದ ಎರಡನ್ನೂ ನೇರವಾಗಿ ಕೂಡಲಾಗದು, ಆದರೂ ಒಟ್ಟು 51ರ ಮೇಲೆ. ಗಾಳಿ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು. ಅಷ್ಟು ಬಲವನ್ನು ನಾನೇ ಮೇಲ್ಮುಖ ಮಾಡಿದ್ದೆ.

ಕೋಲೂರಿಕೊಂಡು ಬಯಲಿಗೆ ಮರಳಿದಾಗ ಕಾಕಾ ತಮ್ಮ ಹಳೆಯ ಚಕ್ಕಡಿಯ ಕಥೆ ಹೇಳಿದರು. "ಎತ್ತು ಬೆದರಿದರೆ ಹಗ್ಗ ಜಗ್ಗಬಾರದು, ಗಳೆ ಹೊಡೆದ ಹೊಲದ ಕಡೆ ತಿರುಗಿಸಬೇಕು. ಅಲ್ಲಿ ಅದರ ಕಾಲೇ ಸೋಲುತ್ತದೆ." ನನಗೆ ಗಳೆ ಹೊಡೆದ ಹೊಲವೆಂದರೆ ಎದುರುಗಾಳಿ.

ಈಗ ನಿಲ್ಲಬೇಕಾದ ಜಾಗಕ್ಕೆ ಇನ್ನೂರು ಮೀಟರ್ ಇರುವಾಗಲೇ ಶುರುಮಾಡುತ್ತೇನೆ. ಪಟವನ್ನು ಮೇಲೆತ್ತದೆ, ಗಾಳಿಯ ಅಂಚಿನಲ್ಲಿ (ಪಟ ಹಾರಬಲ್ಲ ವಲಯದ ಬದಿಯಲ್ಲಿ, ಅಲ್ಲಿ ಎಳೆತ ಕಡಿಮೆ) ತಗ್ಗಾಗಿಯೇ ಇಟ್ಟುಕೊಂಡು, ಮುಂದಿನ ಚಕ್ರವನ್ನು ದೊಡ್ಡ ಬಾಗಿನಲ್ಲಿ ಗಾಳಿಗೆ ಎದುರಾಗಿ ಹೊರಳಿಸುತ್ತೇನೆ. ಒಮ್ಮೆಲೇ ತಿರುಗಿಸಿದರೆ ದಾರ ಬಿಗಿದು ನನ್ನನ್ನೇ ಕಿತ್ತುಕೊಳ್ಳುತ್ತದೆ, ಇಲ್ಲವೇ ಗಾಡಿ ಮಗುಚುತ್ತದೆ. ಮೈಭಾರ ಗಾಳಿ ಬರುವ ಬದಿಗೆ. ವೇಗ ಸೈಕಲ್ಲಿನಷ್ಟಕ್ಕೆ ಇಳಿದ ಮೇಲೆಯೇ ಪಟ ನೆತ್ತಿಗೆ, ಅದೂ ಮೆಲ್ಲಗೆ.

ಗಾಳಿಗೆ ಎದುರಾಗಿ ಹೊರಳಲು ಜಾಗವಿಲ್ಲದಿದ್ದರೆ ಗಾಳಿ ಬೀಸುವ ದಿಕ್ಕಿಗೇ ತಿರುಗುತ್ತೇನೆ. ಓಟ ಗಾಳಿಯನ್ನು ಸರಿಗಟ್ಟುತ್ತಿದ್ದಂತೆ ಎಳೆತ ಸಡಿಲವಾಗುತ್ತದೆ. ಇದು ನನಗೆ ಅಷ್ಟು ಇಷ್ಟವಿಲ್ಲ. ಸಡಿಲಾದ ದಾರ ಚಕ್ರಕ್ಕೆ ಸುತ್ತಿಕೊಂಡರೆ ಕೆಲಸ ಕೆಟ್ಟಿತು.

ಎರಡೂ ಆಗದಿದ್ದರೆ ಹಿಡಿಕೆಗಳನ್ನೇ ಬಿಟ್ಟುಬಿಡುತ್ತೇನೆ. ಮಣಿಕಟ್ಟಿನ ಪಟ್ಟಿಗಳು ಬ್ರೇಕ್ ದಾರಗಳಿಗೆ (ನಾಲ್ಕರಲ್ಲಿ ಪಟದ ಹಿಂದಿನ ಅಂಚನ್ನು ಎಳೆಯುವ ಎರಡಕ್ಕೆ) ಕಟ್ಟಿರುವುದರಿಂದ ಪಟ ಬಲಗುಂದಿ ನೆಲಕ್ಕಿಳಿಯುತ್ತದೆ. ಎಷ್ಟೇ ಗಾಬರಿಯಾದರೂ ಕಾಲನ್ನು ಮಾತ್ರ ನೆಲಕ್ಕೆ ಕೊಡುವುದಿಲ್ಲ. ಹಿಂದಿನ ಅಚ್ಚು ಅದರ ಮೇಲೆಯೇ ಹರಿಯುತ್ತದೆ.

ನಿಂತ ಮೇಲೆ ಬ್ರೇಕ್ ದಾರಗಳನ್ನು ಜಗ್ಗಿ ಪಟವನ್ನು ಹಿಮ್ಮುಖವಾಗಿ ಇಳಿಸಿ, ಹಿಡಿಕೆಗಳನ್ನು ಗೂಟಕ್ಕೆ ಸಿಕ್ಕಿಸುತ್ತೇನೆ. ಗೂಟ ಕಾಕಾ ಕೊಟ್ಟದ್ದು, ಟಗರು ಕಟ್ಟುತ್ತಿದ್ದದ್ದು.