ಸೌಂದರ್ಯವರ್ಧಕಗಳನ್ನು ಪರಿಸರಕ್ಕೆ ಹೊರೆಯಾಗದಂತೆ ತಯಾರಿಸುವ ಬಗೆ

ಸಣ್ಣ ಪ್ರಮಾಣದಲ್ಲಿ ಸೌಂದರ್ಯವರ್ಧಕಗಳನ್ನು ತಯಾರಿಸುವವರು ಬಾಟಲಿಗಿಂತ ಮೊದಲು ಅದರೊಳಗಿನ ನೀರಿನ ಬಗ್ಗೆ ಯೋಚಿಸಬೇಕು. ದ್ರವರೂಪದ ಶಾಂಪೂವಿನಲ್ಲಿ ಬಹುಪಾಲು ನೀರೇ ಇರುವುದರಿಂದ ಅದಕ್ಕೆ ಕೆಡದಂತೆ ಕಾಯುವ ಸಂರಕ್ಷಕವೂ ಬೇಕು, ದೊಡ್ಡ ಬಾಟಲಿಯೂ ಬೇಕು, ಸಾಗಣೆಗೆ ಹೆಚ್ಚಿನ ಇಂಧನವೂ ಬೇಕು. ಅದರ ಬದಲು ಸೀಗೆಕಾಯಿ, ಅಂಟುವಾಳ, ಮೆಂತ್ಯಗಳನ್ನು ಚೆನ್ನಾಗಿ ಒಣಗಿಸಿ, ನುಣ್ಣಗೆ ಪುಡಿಮಾಡಿ ಕೊಟ್ಟರೆ ದಪ್ಪ ಕಾಗದದ ಪೊಟ್ಟಣವೇ ಸಾಕಾಗುತ್ತದೆ. ಆದರೆ ತೇವ ಉಳಿದರೆ ಪುಡಿಗೆ ಬೂಸ್ಟು ಹಿಡಿಯುವುದರಿಂದ ಒಣಗಿಸುವಾಗ ಅವಸರ ಸಲ್ಲದು.

ಕ್ರೀಮಿನಂತಹ ನೀರಿನಂಶವುಳ್ಳ ವಸ್ತುಗಳಲ್ಲಿ, ‘ನೈಸರ್ಗಿಕ’ ಎಂದು ಬರೆಯುವ ಆಸೆಗೆ ಸಂರಕ್ಷಕವನ್ನು ಕೈಬಿಡಬೇಡಿ. ಸೂಕ್ಷ್ಮಜೀವಿಗಳು ಬೆಳೆದ ಕ್ರೀಮು ಚರ್ಮಕ್ಕೆ ಅಪಾಯಕಾರಿ, ಮತ್ತು ಎಸೆಯಬೇಕಾಗಿ ಬಂದ ವಸ್ತುವನ್ನು ಪರಿಸರಸ್ನೇಹಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸ್ಕ್ರಬ್‌ಗೆ ಪ್ಲಾಸ್ಟಿಕ್ ಮಣಿಗಳ ಬದಲು ಕಡಲೆಹಿಟ್ಟು ಅಥವಾ ನುಣ್ಣನೆಯ ಅಕ್ಕಿಹಿಟ್ಟು ಬಳಸಿ. ತೊಳೆದು ತೆಗೆಯುವ ಸೌಂದರ್ಯವರ್ಧಕಗಳಲ್ಲಿ ಆ ಮಣಿಗಳನ್ನು ನಿಷೇಧಿಸುವ ಕಾನೂನನ್ನು ಅಮೆರಿಕ 2015ರಲ್ಲೇ ತಂದಿತು.

ಬಾಟಲಿ ಬೇಕೇ ಆದಲ್ಲಿ ಅದು ಒಂದೇ ಬಗೆಯ ಪ್ಲಾಸ್ಟಿಕ್ಕಿನದಾಗಿರಲಿ. ಒಳಗೆ ಲೋಹದ ಸ್ಪ್ರಿಂಗ್ ಇರುವ ಪಂಪನ್ನು ಬಿಡಿಸಿ ಮರುಬಳಕೆಗೆ ಕಳುಹಿಸುವುದು ಕಷ್ಟ. ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಿಂದ ಪ್ಲಾಸ್ಟಿಕ್ಕನ್ನು ವಿಂಗಡಿಸುವ ಯಂತ್ರಗಳು ಕಪ್ಪು ಬಣ್ಣದ್ದನ್ನು ಹೆಚ್ಚಾಗಿ ಗುರುತಿಸುವುದಿಲ್ಲ. ಹಲವು ಪದರಗಳ ಸ್ಯಾಶೆಯನ್ನಂತೂ ಆರಿಸಲೇಬೇಡಿ. ಗಾಜು ಭಾರವಾದುದರಿಂದ, ಗ್ರಾಹಕರು ಖಾಲಿ ಬಾಟಲಿಯನ್ನು ಹಿಂತಿರುಗಿಸುವ ಹತ್ತಿರದ ಮಾರಾಟಕ್ಕೆ ಅದು ಹೊಂದುತ್ತದೆ; ಮರಳಿ ಬಂದ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಶುದ್ಧೀಕರಿಸಿ, ಪೂರ್ತಿ ಒಣಗಿದ ಮೇಲೆಯೇ ತುಂಬಬೇಕು.

ಮಾರಾಟಕ್ಕಾಗಿ ತಯಾರಿಸುವವರು ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಪಡೆದಿರಬೇಕು.