ಕಾರಿನ ರೇಡಿಯೊ ಚರಚರ ಅಂದರೆ ಹೊಸ ಆಂಟೆನಾ ಕೊಳ್ಳುವ ಮುಂಚೆ…

ಮೈಸೂರಿನಿಂದ ಹುಣಸೂರಿನ ಕಡೆ ಹೊರಟರೆ ಇಲವಾಲದ ತನಕ ನೆಟ್ಟಗೆ ಕೇಳುತ್ತಿದ್ದ ಆಕಾಶವಾಣಿ 100.6, ಅಲ್ಲಿಂದಾಚೆ ಕಡಲೆಕಾಯಿ ಹುರಿದ ಹಾಗೆ ಚರಚರ ಅನ್ನತೊಡಗಿತು. ಆಂಟೆನಾ ಕಡ್ಡಿ ಬದಲಿಸಿದೆ. ಇನ್ನೂರೈವತ್ತು ರೂಪಾಯಿ ಹೋಯಿತು, ಚರಚರ ಹೋಗಲಿಲ್ಲ. ಕೊನೆಗೊಂದು ಭಾನುವಾರ ಒಳಚಾವಣಿಯ ದೀಪ ಬಿಚ್ಚಿ ಬೆರಳು ತೂರಿಸಿದರೆ, ಬುಡದ ನಟ್ಟಿನ ಸುತ್ತ ಕೆಂಪು ತುಕ್ಕು ಪುಡಿಪುಡಿಯಾಗಿ ಉದುರಿತು. ಅದನ್ನು ಉಜ್ಜಿ ತೆಗೆಯಲು ಹಿಡಿದದ್ದು ಹತ್ತೇ ನಿಮಿಷ.

ಕಡ್ಡಿ, ಬುಡ, ಕೇಬಲ್, ಪ್ಲಗ್, ಸ್ಟೀರಿಯೊ. ಸಿಗ್ನಲ್ ಬರುವ ದಾರಿ ಇಷ್ಟೇ. ಎಲ್ಲಿ ಕಡಿದಿದೆ ಅನ್ನುವುದು ಗೊತ್ತಾಗುವವರೆಗೆ ಪರ್ಸ್ ತೆಗೆಯಬೇಡಿ.

ಮೊದಲು ಕಿವಿಯಿಂದ ಪರೀಕ್ಷೆ

ಕಾರಿನ ಸಿಗರೇಟ್ ಸಾಕೆಟ್‌ನಲ್ಲಿ ಸಿಕ್ಕಿಸಿರುವ ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್ ಎರಡನ್ನೂ ಕಿತ್ತು ನೋಡಿ. ಅಗ್ಗದ ಚಾರ್ಜರ್‌ಗಳೇ ಎಷ್ಟೋ ಸಲ ಈ ಗದ್ದಲದ ಮೂಲ. ಅದರಿಂದ ಸರಿಹೋದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಆಮೇಲೆ ಎಎಂಗೆ ಹಾಕಿ. ಊರೊಳಗಿನ ಎಫ್‌ಎಂ ಎಷ್ಟು ಬಲವಾಗಿರುತ್ತದೆ ಅಂದರೆ ಆಂಟೆನಾ ಪೂರ್ತಿ ಕಳಚಿದ್ದರೂ ಕೇಳಿಸೀತು. ಎಎಂ ಹಾಗಲ್ಲ, ಆಂಟೆನಾ ಇಲ್ಲದಿದ್ದರೆ ಸತ್ತೇ ಹೋಗುತ್ತದೆ. ಬೆಂಗಳೂರಿನವರು 612, ಧಾರವಾಡದ ಕಡೆಯವರು 765 ಕಿಲೋಹರ್ಟ್ಸ್‌ನಲ್ಲಿ ಆಕಾಶವಾಣಿ ಹಿಡಿದು ನೋಡಬಹುದು. ಎಫ್‌ಎಂ ಪರವಾಗಿಲ್ಲ, ಎಎಂ ಬರೀ ಬುಸ್ ಅನ್ನುತ್ತಿದೆ ಅಂದರೆ ದಾರಿ ಎಲ್ಲೋ ಪೂರ್ತಿ ಕಡಿದಿದೆ. ಎಂಜಿನ್ ಆರಿಸಿದಾಗ ಶುದ್ಧ, ಚಾಲೂ ಮಾಡಿದೊಡನೆ ಗುಂಯ್ ಅಂದರೆ ಅರ್ಥಿಂಗ್ ಮೇಲೆ ಅನುಮಾನ ಪಡಿ.

ಕಡ್ಡಿ

ಎಡಕ್ಕೆ ತಿರುಗಿಸಿ ಬಿಚ್ಚಿ. ಬುಡದ ಮರೆಯ (ತಿರುಪಿನ ಸುತ್ತುಗೆರೆಗಳ) ಮೇಲೆ ಹಸಿರು ಕಿಲುಬೋ ಕಪ್ಪೋ ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಜೋಡಣೆ ಶುಚಿಮಾಡುವ ದ್ರವ) ಹಾಕಿ ಉಜ್ಜಿ. ಸಡಿಲವಾಗಿದೆಯೆಂದು ಮರೆಗೆ ಎಂ-ಸೀಲೋ ಫೆವಿಕ್ವಿಕ್ಕೋ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಅಂಟು ಕರೆಂಟು ಹರಿಯಗೊಡುವುದಿಲ್ಲ. ಕಡ್ಡಿ ಗಟ್ಟಿಯಾಗಿ ಕೂರುತ್ತದೆ, ರೇಡಿಯೊ ಮಲಗುತ್ತದೆ.

100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಹಳೆಯ ಕಾರುಗಳ ಉದ್ದನೆಯ ಕಡ್ಡಿಗಳ ಲೆಕ್ಕ ಹೆಚ್ಚುಕಡಿಮೆ ಇದೇ. ಈಗಿನ ಗಿಡ್ಡ ರಬ್ಬರ್ ಕಡ್ಡಿಯೊಳಗೆ ತೆಳು ತಂತಿಯನ್ನು ಸುರುಳಿ ಸುತ್ತಿರುತ್ತಾರೆ. ಹೊರಗಿನ ರಬ್ಬರ್ ಬಿರಿದು ನೀರಿಳಿದರೆ ಆ ಸುರುಳಿ ತುಂಡಾಗುತ್ತದೆ. ಅದನ್ನು ರಿಪೇರಿ ಮಾಡುವುದು ವ್ಯರ್ಥ, ಬದಲಿಸಿ. ಅಂಗಡಿಗೆ ಹಳೆಯ ಕಡ್ಡಿಯನ್ನೇ ಒಯ್ಯಿರಿ. ಮರೆಯ ಅಳತೆ ಎಂ5, ಎಂ6 ಎರಡೂ ಇರುತ್ತವೆ, ಕಣ್ಣಳತೆಗೆ ಸಿಗುವುದಿಲ್ಲ.

ಕಡ್ಡಿ ಮುರಿದು ತುಂಡು ಬುಡದೊಳಗೇ ಉಳಿದಿದೆಯೇ? ಎರಡು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ಕಾಫಿ ಕುಡಿದು ಬನ್ನಿ. ತುಂಡು ಸ್ವಲ್ಪ ಮೇಲೆದ್ದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಅದರ ತಲೆಯ ಮೇಲೆ ಗೀರು ಮಾಡಿ, ಚಪ್ಪಟೆ ಸ್ಕ್ರೂಡ್ರೈವರ್ ಕೂರಿಸಿ ಎಡಕ್ಕೆ ತಿರುಗಿಸಿ. ಅವಸರ ಬೇಡ, ಗೀರು ಕಿತ್ತುಹೋದರೆ ಡ್ರಿಲ್ ಹುಡುಕಬೇಕಾಗುತ್ತದೆ.

ಬುಡ: ಹೆಚ್ಚಿನ ಕಾಯಿಲೆ ಇಲ್ಲಿಯೇ

ಬ್ಯಾಟರಿಯ ಮೈನಸ್ ಕಳಚಿ. ಚಾವಣಿಯ ಮುಂಭಾಗದಲ್ಲಿ ಆಂಟೆನಾ ಇರುವ ಹಲವು ಸಣ್ಣ ಕಾರುಗಳಲ್ಲಿ ಒಳದೀಪ ಬಿಚ್ಚಿದರೆ ಬುಡದ ನಟ್ಟು ಕೈಗೆ ಸಿಗುತ್ತದೆ. ಹಿಂದೆ ಇದ್ದರೆ ಒಳಚಾವಣಿಯ ಅಂಚನ್ನು ಕೊಂಚ ಇಳಿಸಬೇಕು. ಬಾಗಿಲ ಪಕ್ಕದ ಕಂಬದ ಕವಚದ ಮೇಲೆ ಏರ್‌ಬ್ಯಾಗ್ ಎಂದು ಬರೆದಿದ್ದರೆ ಮಾತ್ರ ಅಲ್ಲಿಗೆ ಕೈ ಹಾಕದೆ ಮೆಕ್ಯಾನಿಕ್ ಹತ್ತಿರ ಬಿಡಿ.

ನಟ್ಟಿನಡಿ ಹಲ್ಲುಹಲ್ಲಾದ ಒಂದು ವಾಷರ್ ಇರುತ್ತದೆ. ಅದರ ಹಲ್ಲು ಚಾವಣಿಯ ಬರೀ ತಗಡಿಗೆ ಕಚ್ಚಿಕೊಂಡಿರಬೇಕು, ಅರ್ಥ್ ಸಿಗುವುದು ಅದರಿಂದಲೇ. ಮಳೆನೀರು ಗ್ಯಾಸ್ಕೆಟ್ ದಾಟಿ ಇಳಿದರೆ ಮೊದಲು ತುಕ್ಕು ಹಿಡಿಯುವುದೂ ಅಲ್ಲೇ. ತಗಡು ಬೆಳ್ಳಗೆ ಹೊಳೆಯುವ ತನಕ ಮರಳು ಕಾಗದದಿಂದ ಉಜ್ಜಿ, ಆದರೆ ವಾಷರ್ ಕೂರುವಷ್ಟು ಜಾಗ ಮಾತ್ರ. ಬೆರಳ ತುದಿಯಲ್ಲಿ ಚೂರು ವ್ಯಾಸಲೀನ್ ಸವರಿ ನಟ್ಟು ಬಿಗಿಯಿರಿ. ಹೊರಗಿನ ರಬ್ಬರ್ ಗ್ಯಾಸ್ಕೆಟ್ ಬಿರಿದಿದ್ದರೆ ಬದಲಿಸಿ. ಸಿಗದಿದ್ದರೆ ಬುಡದ ಸುತ್ತ ತೆಳ್ಳಗೆ ಸಿಲಿಕೋನ್ ಎಳೆದು ಒಂದು ರಾತ್ರಿ ಒಣಗಲು ಬಿಡಿ. ಬೆಳಗ್ಗೆ ಒಂದು ಚೊಂಬು ನೀರು ಸುರಿದು, ಒಳಗೆ ಕೂತು ದೀಪದ ತೂತಿಗೆ ಟಾರ್ಚ್ ಹಿಡಿದು ನೋಡಿ.

ಮೀಟರ್ ಇದ್ದರೆ

ಸ್ಟೀರಿಯೊ ಹೊರಗೆಳೆದು ಹಿಂದಿನ ದಪ್ಪ ಆಂಟೆನಾ ಪ್ಲಗ್ ಕಿತ್ತುಕೊಳ್ಳಿ. ಅರ್ಧ ಜಾರಿರುವ ಪ್ಲಗ್ಗೇ ಕಳ್ಳನಾಗಿರುವುದೂ ಉಂಟು. ಮಲ್ಟಿಮೀಟರನ್ನು ಬೀಪ್‌ಗೆ ತಿರುಗಿಸಿ. ಪ್ಲಗ್ಗಿನ ನಡುವಿನ ಪಿನ್‌ಗೂ ಚಾವಣಿಯ ಮೇಲೆ ಕಡ್ಡಿ ಕೂರುವ ಮರೆಗೂ ಇಟ್ಟರೆ ಬೀಪ್ ಬರಬೇಕು. ಪಿನ್‌ಗೂ ಅದರ ಹೊರಕವಚಕ್ಕೂ ಇಟ್ಟರೆ ಬರಕೂಡದು. ಬಂದರೆ ಕೇಬಲ್ ಒಳಗೇ ಶಾರ್ಟ್. ಹೊರಕವಚಕ್ಕೂ ಕಾರಿನ ತಗಡಿಗೂ ಇಟ್ಟರೆ ಮತ್ತೆ ಬರಬೇಕು. ಬುಡದಲ್ಲಿ ಸಿಗ್ನಲ್ ಬಲಪಡಿಸುವ ಆಂಪ್ಲಿಫೈಯರ್ ಇರುವ ಆಂಟೆನಾಗೆ ಮೊದಲ ಎರಡು ಪರೀಕ್ಷೆ ಒಪ್ಪುವುದಿಲ್ಲ. ಅದಕ್ಕೊಂದು ಬೇರೆಯೇ ಕಥೆ ಇದೆ.

ನೀಲಿ ತಂತಿ

"ಸಾರ್, ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದ ಮೇಲೆ ರೇಡಿಯೊ ಕೇಳ್ತಾನೇ ಇಲ್ಲ" ಅನ್ನುವವರ ಆಂಟೆನಾ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಬುಡದೊಳಗಿನ ಪುಟ್ಟ ಆಂಪ್ಲಿಫೈಯರ್‌ಗೆ 12 ವೋಲ್ಟ್ ಬೇಕು. ಹೊಸ ಸ್ಟೀರಿಯೊದಲ್ಲಿ ಅದನ್ನು ಕೊಡುವುದು ಸಾಮಾನ್ಯವಾಗಿ ನೀಲಿ ತಂತಿ. ಕೂರಿಸಿದವರು ಅದನ್ನು ಟೇಪು ಸುತ್ತಿ ಹಾಗೇ ಮಡಚಿಟ್ಟಿರುತ್ತಾರೆ. ಬ್ಯಾಟರಿ ಮತ್ತೆ ಜೋಡಿಸಿ, ರೇಡಿಯೊ ಚಾಲೂ ಇರುವಾಗ ನೀಲಿ ತಂತಿಗೂ ಕಾರಿನ ತಗಡಿಗೂ ಮೀಟರ್ ಹಿಡಿದರೆ ಸುಮಾರು 12 ವೋಲ್ಟ್ ತೋರಬೇಕು. ತೋರಿದರೆ ಆಂಟೆನಾದ ಪವರ್ ತಂತಿಗೆ ಅದನ್ನು ಸೇರಿಸಿ, ಸೋಲ್ಡರ್ ಮಾಡಿ ಸ್ಲೀವ್ ಹಾಕಿ. ಕೆಲವು ಕಾರುಗಳಲ್ಲಿ ಪವರ್ ಬೇರೆ ತಂತಿಯಲ್ಲಿ ಬರದೆ ಆಂಟೆನಾ ಕೇಬಲ್ಲಿನಲ್ಲೇ ಹೋಗುತ್ತದೆ. ಅಂಥದ್ದಕ್ಕೆ ಪವರ್ ಸೇರಿಸುವ ಅಡಾಪ್ಟರ್ ಸಿಗುತ್ತದೆ. ಅದರ ನೀಲಿ ಬಾಲವನ್ನು ಸ್ಟೀರಿಯೊದ ನೀಲಿಗೆ ಕೊಟ್ಟರೆ ಸಾಕು.

ಆಂಟೆನಾ ಹಿಂದಿನ ಗಾಜಿನ ಗೆರೆಗಳಲ್ಲೇ ಇದ್ದರೆ, ಕಡಿದ ಗೆರೆಯ ಮೇಲೆ ಕರೆಂಟು ಹರಿಸುವ ಬೆಳ್ಳಿ ಬಣ್ಣ ಎಳೆಯಬೇಕು. ಗಾಜು ಒರೆಸುವಾಗ ಉಂಗುರದ ಕೈ ದೂರವಿರಲಿ.

ಇನ್ನು ಕಾರನ್ನು ನೀರಿನ ಸರ್ವಿಸ್‌ಗೆ ಬಿಡುವಾಗ ಕಡ್ಡಿ ಬಿಚ್ಚಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಡಿ. ನಾನೂ ಇಟ್ಟಿದ್ದೆ. ಮರುದಿನ ಇಲವಾಲ ದಾಟಿದ ಮೇಲೆ ಮತ್ತೆ ಚರಚರ. ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮವಾಯಿತೆಂದು ಬಿಳಿಕೆರೆಯವರೆಗೂ ಗೊಣಗಿಕೊಂಡು ಹೋದೆ. ಅಲ್ಲಿ ಕಾಫಿಗೆ ಇಳಿದು, ಚಿಲ್ಲರೆಗೆಂದು ಡಬ್ಬಿ ತೆಗೆದರೆ ಕಡ್ಡಿ ಅಲ್ಲೇ ಮಲಗಿತ್ತು.