ಮೂರನೇ ನಂಬರಿನ ಜರ್ಸಿಯಲ್ಲಿ ಹದಿನಾಲ್ಕು ವರ್ಷ

ರಗ್ಬಿ ಯೂನಿಯನ್ ತಂಡದ ಹದಿನೈದು ಮಂದಿಯಲ್ಲಿ 3ನೇ ನಂಬರಿನ ಜರ್ಸಿ ತೊಡುವವನನ್ನು ಟೈಟ್‌ಹೆಡ್ ಪ್ರಾಪ್ ಎನ್ನುತ್ತಾರೆ. 2009ರಿಂದ 2023ರವರೆಗೆ ನಾನು ಸಂಬಳ ಪಡೆದದ್ದು ಈ ಒಂದು ಜಾಗದ ಕೆಲಸಕ್ಕೆ. ಅದಕ್ಕೂ ಮುಂಚೆ ಆಡುತ್ತಿದ್ದದ್ದು 8ನೇ ನಂಬರಿನಲ್ಲಿ, ಅಂದರೆ ಚೆಂಡು ಹಿಡಿದು ನುಗ್ಗುವ, ಎದುರಾಳಿಯ ಗೆರೆಯಾಚೆ ಚೆಂಡು ನೆಲಕ್ಕೊತ್ತಿ ಟ್ರೈ ಎಂಬ ಅಂಕ ಗಳಿಸುವ, ನೋಡುವವರ ಕಣ್ಣಿಗೆ ಬೀಳುವ ಜಾಗದಲ್ಲಿ. ಅಕಾಡೆಮಿಯ ತರಬೇತುದಾರರು ಒಂದು ಸಂಜೆ ಪಕ್ಕಕ್ಕೆ ಕರೆದು, "ನಿನ್ನಷ್ಟು ಓಡುವವರು ಬೇಕಾದಷ್ಟು ಮಂದಿ ಇದ್ದಾರಪ್ಪ, ನಿನ್ನಂಥ ಬೆನ್ನಿರುವವರು ಇಲ್ಲ" ಎಂದರು. ಆಗ ಅವಮಾನವೆನಿಸಿದ ಆ ಮಾತೇ ಮುಂದೆ ನನಗೆ ಅನ್ನ ಹಾಕಿತು.

ಎರಡೂ ತಂಡಗಳ ಎಂಟೆಂಟು ಮಂದಿ ಬಾಗಿ ಕೂಡಿಕೊಂಡು ಚೆಂಡಿಗಾಗಿ ಪರಸ್ಪರ ತಳ್ಳುವುದೇ ಸ್ಕ್ರಮ್. ಅದರ ಮುಂದಿನ ಸಾಲಿನಲ್ಲಿ ಪ್ರತಿ ತಂಡದ ಮೂವರು: ನಡುವೆ ಹೂಕರ್, ಅವನ ಎಡಕ್ಕೆ ಲೂಸ್‌ಹೆಡ್ ಪ್ರಾಪ್, ಬಲಕ್ಕೆ ಟೈಟ್‌ಹೆಡ್. ಲೂಸ್‌ಹೆಡ್‌ನ ಎಡಭುಜ ಹೊರಗೆ ಖಾಲಿಯಾಗಿರುತ್ತದೆ. ಟೈಟ್‌ಹೆಡ್‌ನ ತಲೆಯಾದರೋ ಎದುರಾಳಿಯ ಲೂಸ್‌ಹೆಡ್ ಮತ್ತು ಹೂಕರ್ ಇಬ್ಬರ ನಡುವೆ ಸಿಕ್ಕಿಕೊಂಡು, ಎರಡೂ ಭುಜಗಳ ಮೇಲೆ ಭಾರ ಬೀಳುತ್ತದೆ. ಅವನು ಬಲಗೈಯನ್ನು ಎದುರಾಳಿಯ ಎಡತೋಳಿನ ಹೊರಗಿನಿಂದ ಹಾಕಿ, ಜರ್ಸಿಯ ಬೆನ್ನು ಅಥವಾ ಪಕ್ಕೆಯ ಭಾಗವನ್ನಷ್ಟೇ ಹಿಡಿಯಬೇಕು. ಆ ಬಲಮೊಣಕೈ ನಾಲ್ಕು ಬೆರಳಿನಷ್ಟು ಕೆಳಗಿಳಿದರೂ ಸಾಕು, ಲೂಸ್‌ಹೆಡ್ ನನ್ನ ಎದೆಯ ಕೆಳಗೆ ನುಸುಳುತ್ತಾನೆ, ನನ್ನ ಸೊಂಟ ಹೊರಕ್ಕೆ ತಿರುಗುತ್ತದೆ, ಸ್ಕ್ರಮ್ ಕುಸಿಯುತ್ತದೆ, ರೆಫರಿಯ ಕೈ ಎದುರಾಳಿಯ ಕಡೆಗೆ ಏಳುತ್ತದೆ, ಅಂದರೆ ಪೆನಾಲ್ಟಿ ಅವರಿಗೆ. ಮೊದಲ ವರ್ಷ ಎರಡನೇ ತಂಡದ ಅಭ್ಯಾಸದಲ್ಲಿ ಮೂವತ್ತು ದಾಟಿದ ಲೂಸ್‌ಹೆಡ್ ಒಬ್ಬರು ನನ್ನನ್ನು ದಿನವೂ ಹೀಗೆಯೇ ಮಣ್ಣು ಮುಕ್ಕಿಸುತ್ತಿದ್ದರು. ಮಣಿಕಟ್ಟಿಗೆ ಬಿಳಿ ಟೇಪ್ ಸುತ್ತಿ, ಅದರ ಮೇಲೆ ಮಾರ್ಕರ್‌ನಿಂದ "ಮೊಣಕೈ" ಎಂದು ಬರೆದುಕೊಳ್ಳುವ ಅಭ್ಯಾಸ ನನಗೆ ಅಂಟಿದ್ದು ಆಗಲೇ. ಕುತ್ತಿಗೆಯ ವ್ಯಾಯಾಮವನ್ನು ವಾರಕ್ಕೆ ಮೂರು ದಿನ, ಪಟ್ಟಿ ಕಟ್ಟಿ ನಾಲ್ಕೂ ದಿಕ್ಕಿಗೆ ಎಳೆದು ಮಾಡುತ್ತಿದ್ದೆ. ಎರಡು ವರ್ಷಗಳಲ್ಲಿ ನನ್ನ ಹಳೆಯ ಅಂಗಿಗಳ ಕಾಲರ್ ಗುಂಡಿ ಒಂದೂ ಕೂಡದಂತಾಯಿತು.

ನಾನು ಬಂದಾಗ ರೆಫರಿಯ ಕೂಗು ನಾಲ್ಕು ಹಂತದ್ದು: ಬಾಗಿ, ಮುಟ್ಟಿ, ನಿಲ್ಲಿ, ಕೂಡಿ. ದೂರ ನಿಂತು ಒಮ್ಮೆಗೇ ಅಪ್ಪಳಿಸುವವನು ಅಲ್ಲಿ ಅರ್ಧ ಗೆದ್ದಂತೆ. 2013ರಲ್ಲಿ ಬಂದ ಬದಲಾವಣೆಯಿಂದ, ಪ್ರಾಪ್‌ಗಳು ಮೊದಲು ಪರಸ್ಪರ ಜರ್ಸಿ ಹಿಡಿದು ಆಮೇಲೆ ಕೂಡುವುದು ಕಡ್ಡಾಯವಾಯಿತು. ಅಪ್ಪಳಿಸುವುದರಲ್ಲೇ ಹೆಸರು ಮಾಡಿದ್ದ ಕೆಲವರು ಗೊಣಗಿದರು, ನಾನು ಗೊಣಗಲಿಲ್ಲ. ಹಿಡಿತ ಮತ್ತು ಪಾದದ ಲೆಕ್ಕ ನನಗೆ ಬರುತ್ತಿತ್ತು. ಆ ನಿಯಮ ಬರದಿದ್ದರೆ ನನ್ನ ಕುತ್ತಿಗೆ ಮೂವತ್ತರ ಆಚೆಗೆ ಉಳಿಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಆದರೆ ಈ ವೃತ್ತಿ ನಿಲ್ಲುವುದು ಪಂದ್ಯದ 80 ನಿಮಿಷಗಳ ಮೇಲಲ್ಲ, ಮುಂದಿನ ಶನಿವಾರಕ್ಕೆ ನೀವು ಲಭ್ಯರೋ ಇಲ್ಲವೋ ಎಂಬುದರ ಮೇಲೆ. ಭಾನುವಾರ ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕು. ಸೋಮವಾರ ಬೆಳಿಗ್ಗೆ ಫಿಸಿಯೊ ಕೋಣೆಯಲ್ಲಿ ಎಲ್ಲಿ ಎಷ್ಟು ನೋವೆಂದು ಹೇಳಬೇಕು. ಅಲ್ಲಿ ಸುಳ್ಳು ಹೇಳುವ ಆಸೆ ಹುಟ್ಟುವುದು ಒಪ್ಪಂದದ ಕೊನೆಯ ವರ್ಷದಲ್ಲಿ. 2015ರಲ್ಲಿ ನನ್ನದು ಅದೇ ಸ್ಥಿತಿ. ಎಡಭುಜ ರಾತ್ರಿ ಮಗ್ಗುಲು ಬದಲಿಸಲು ಬಿಡುತ್ತಿರಲಿಲ್ಲ, ಆದರೂ ಫಿಸಿಯೊಗೆ "ಬರೀ ಬಿಗಿತ" ಎಂದೆ. ಮೂರನೇ ವಾರ ಟ್ಯಾಕಲ್ ಒಂದರಲ್ಲಿ ಭುಜದ ಸ್ನಾಯು ಹರಿಯಿತು. ಶಸ್ತ್ರಚಿಕಿತ್ಸೆಯ ನಂತರ ಏಳು ತಿಂಗಳು ಆಟವಿಲ್ಲ, ಕ್ಲಬ್ ಒಪ್ಪಂದವನ್ನು ಮುಂದುವರಿಸಲೂ ಇಲ್ಲ. ಆ ಸುದ್ದಿಯನ್ನು ಕ್ಲಬ್‌ನವರು ಯಾರೂ ನನ್ನೆದುರು ಕುಳಿತು ಹೇಳಲಿಲ್ಲವೆಂಬ ಸಿಟ್ಟು ನನಗಿದೆ, ಏಜೆಂಟ್ ಫೋನಿನಲ್ಲಿ ತಿಳಿಸಿದರು. ಭುಜದ ವಿಷಯದಲ್ಲಿ ಮಾತ್ರ ದೂರಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮರಳಿ ಬಂದದ್ದು, ಬೇರೊಂದು ಕ್ಲಬ್‌ನಲ್ಲಿ ಗಾಯಗೊಂಡವನ ಬದಲಿಗೆ, ನಾಲ್ಕು ತಿಂಗಳ ಒಪ್ಪಂದದ ಮೇಲೆ. ಸಹಿಗೆ ಮುನ್ನ ಅವರ ವೈದ್ಯರು ಕುತ್ತಿಗೆಯನ್ನೂ ಭುಜವನ್ನೂ ಸ್ಕ್ಯಾನ್ ಮಾಡಿ, ಹಳೆಯ ಗಾಯಗಳನ್ನೆಲ್ಲ ಕೇಳಿ ಬರೆದುಕೊಂಡರು. ಈ ಬಾರಿ ಏನನ್ನೂ ಮುಚ್ಚಿಡಲಿಲ್ಲ. ನಾಲ್ಕು ತಿಂಗಳು ಆರು ವರ್ಷವಾಯಿತು.

ತಲೆಗೆ ಬೀಳುವ ಪೆಟ್ಟಿನ ಮಾತು ಬೇರೆಯೇ. ನನ್ನ ಮೊದಲ ಋತುಗಳಲ್ಲಿ ತಲೆ ತಿರುಗಿದರೂ ನೀರು ಕುಡಿದು ಆಡುತ್ತಿದ್ದೆವು. 2012ರ ನಂತರ ಆಟಗಾರನನ್ನು ತಾತ್ಕಾಲಿಕವಾಗಿ ಹೊರಗೆ ಕರೆದು ಪರೀಕ್ಷಿಸುವ ಪದ್ಧತಿ ಬಂತು: ಮೊದಲು ಐದು ನಿಮಿಷ, ಆಮೇಲೆ ಹತ್ತು, ಈಗ ಹನ್ನೆರಡು. ಒಮ್ಮೆ ರಕ್‌ನಲ್ಲಿ, ಅಂದರೆ ನೆಲದ ಮೇಲಿನ ಚೆಂಡಿಗಾಗಿ ನಡೆಯುವ ತಳ್ಳಾಟದಲ್ಲಿ, ಮೊಣಕಾಲು ತಲೆಗೆ ಬಡಿದು ನಾನೂ ಆ ಕೋಣೆಯಲ್ಲಿ ಕುಳಿತೆ. ವೈದ್ಯರು ತಿಂಗಳುಗಳನ್ನು ಹಿಂದಿನಿಂದ ಹೇಳಲು ಕೇಳಿದರು. ಡಿಸೆಂಬರ್, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್. ಮುಂದಿನ ಹೆಸರು ನಾಲಿಗೆಗೆ ಬರಲೇ ಇಲ್ಲ. ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕಡೆಗೆ ನಾನು ಕಣ್ಣು ಹಾಯಿಸಿದ್ದನ್ನು ಅವರು ಗಮನಿಸಿ, ಮೃದುವಾಗಿ ಬೂಟು ಬಿಚ್ಚಲು ಹೇಳಿದರು. ಅಂದು ಅವರ ಮೇಲೆ ಕೂಗಾಡಿದ್ದೆ. ಮರುದಿನ ಹೋಗಿ ಕ್ಷಮೆ ಕೇಳಿದೆ.

ಆಟ ವೃತ್ತಿಪರವೆಂದು ಘೋಷಣೆಯಾದದ್ದು 1995ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಆಡಿದ್ದ ನನ್ನ ಮೊದಲ ತರಬೇತುದಾರರಿಗೆ ಹಗಲಿಗೊಂದು ಉದ್ಯೋಗವಿತ್ತು, ಬೂಟು ಕಳಚಿದ ಮೇಲೂ ಅದು ಉಳಿದಿತ್ತು. ನಮ್ಮ ತಲೆಮಾರಿಗೆ ಅದಿಲ್ಲ. ಭುಜ ಕಟ್ಟಿಕೊಂಡು ಕುಳಿತಿದ್ದ ಏಳು ತಿಂಗಳಲ್ಲಿ ನಾನು ಲೆಕ್ಕಪತ್ರದ ಕೋರ್ಸ್ ಒಂದಕ್ಕೆ ಸೇರಿ, ಬಿಡುವಿನ ಬುಧವಾರಗಳಲ್ಲಿ ಓದಿ, ಐದು ವರ್ಷಕ್ಕೆ ಮುಗಿಸಿದೆ.

ಕೊನೆಯ ಋತುವಿನಲ್ಲಿ ನನ್ನ ಬೆನ್ನಿಗೆ ಬಂದದ್ದು 18, ಅಂದರೆ ಬದಲಿ ಟೈಟ್‌ಹೆಡ್‌ನ ನಂಬರು. 3ನೇ ನಂಬರನ್ನು ಇಪ್ಪತ್ತೆರಡರ ಹುಡುಗನೊಬ್ಬ ತೊಟ್ಟಿದ್ದ. ಅವನಿಗೆ ಹಿಡಿತ ಕಲಿಸಿದವನೂ ನಾನೇ. ಕೊನೆಯ ಪಂದ್ಯದಲ್ಲಿ 54ನೇ ನಿಮಿಷಕ್ಕೆ ಅವನ ಬದಲು ಇಳಿದೆ. ನನ್ನ ಪಾಲಿಗೆ ಸಿಕ್ಕಿದ್ದು ಮೂರು ಸ್ಕ್ರಮ್. ಎರಡನ್ನು ಗಟ್ಟಿಯಾಗಿ ನಿಲ್ಲಿಸಿದೆವು. ಮೂರನೆಯದರಲ್ಲಿ ರೆಫರಿ ಸೀಟಿ ಊದಿ ನನ್ನತ್ತ ಬೆರಳು ಮಾಡಿದರು: ಬಲಮೊಣಕೈ ಕೆಳಗಿಳಿದಿತ್ತು.